ಕೆಟ್ಟ ಇಂಜಿನ್, ಹಳೆಯ ಕಾರು: ನಾವು ಲೆಕ್ಕ ಹಾಕಿದ ಬಗೆ

ವರ್ಷಗಟ್ಟಲೆ ಓಡಿದ ಕಾರಿನ ಇಂಜಿನ್ ಕೆಟ್ಟು ನಿಂತರೆ ಸುತ್ತಲಿನವರು ಕೊಡುವ ಸಲಹೆ ಸಾಮಾನ್ಯವಾಗಿ ಒಂದೇ: ರಿಪೇರಿ ಖರ್ಚು ಗಾಡಿಯ ಬೆಲೆಯ ಅರ್ಧ ದಾಟಿದರೆ ಅದನ್ನು ಕೊಟ್ಟುಬಿಡಿ. ನಮ್ಮ ಕಾಕಾ ಸವದತ್ತಿಯಿಂದ ಫೋನ್ ಮಾಡಿ ಹೇಳಿದ್ದೂ ಇದನ್ನೇ. “ತಮ್ಮಾ, ಎರಡು ಲಕ್ಷದ ಗಾಡಿಗೆ ಒಂದೂಕಾಲು ಲಕ್ಷ ಯಾರರೆ ಹಾಕ್ತಾರೇನು? ಬಂದಷ್ಟಕ್ಕ ಕೊಟ್ಟು ಕೈ ತೊಳ್ಕೋ.” ಅವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಆ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಗಾಡಿಯ ಮಾರುಕಟ್ಟೆ ಬೆಲೆ ಅದನ್ನು ಮಾರುವವನಿಗೆ ಬೇಕಾದ ಅಂಕಿ. ಅದನ್ನು ಇಟ್ಟುಕೊಂಡು ಓಡಿಸುವವನು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇಷ್ಟೇ ಹಣ ಕೊಟ್ಟರೆ ಇಷ್ಟು ವರ್ಷಗಳ ನಂಬಿಕೆಯ ಓಡಾಟ ಬೇರೆ ಎಲ್ಲಿ ಸಿಗುತ್ತದೆ? ಬೆಳಗಾವಿಯಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವಾಗ ತಿಳಿದುಕೊಂಡದ್ದನ್ನು, ಇಂಥದ್ದೇ ಇಕ್ಕಟ್ಟಿನಲ್ಲಿ ಇರುವವರಿಗೆ ಉಪಯೋಗವಾಗಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮದು 2014ರ ಮಾದರಿಯ, ನಾಲ್ಕು ಸಿಲಿಂಡರಿನ ಸಣ್ಣ ಡೀಸೆಲ್ ಕಾರು. ಈ ಬೇಸಿಗೆಯಲ್ಲಿ ನನ್ನ ತಮ್ಮ ಯರಗಟ್ಟಿ ದಾಟಿ ನೇಸರಗಿಯ ಕಡೆಗೆ ಬರುತ್ತಿದ್ದಾಗ ರೇಡಿಯೇಟರಿನ ಕೆಳಗಿನ ಹೋಸ್ ಪೈಪ್ ಬಿರಿದು ಇಂಜಿನ್ನನ್ನು ತಂಪಾಗಿಡುವ ಕೂಲೆಂಟ್ ದ್ರವವೆಲ್ಲ ರಸ್ತೆಯ ಪಾಲಾಯಿತು. ಬಾನೆಟ್ಟಿನ ಸಂದಿಯಿಂದ ಹಬೆ ಕಂಡ ಕೂಡಲೇ ಅವನು ಗಾಡಿಯನ್ನು ನಿಲ್ಲಿಸಿದನು. ಅಲ್ಲಿಯವರೆಗೂ ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಏರಿರಲೇ ಇಲ್ಲ. ಇದು ಮುಳ್ಳಿನ ದೋಷವಲ್ಲ ಎಂಬುದನ್ನು ಕಾರು ಓಡಿಸುವ ಪ್ರತಿಯೊಬ್ಬರೂ ತಿಳಿದಿರಬೇಕು. ಶಾಖ ಅಳೆಯುವ ಸೆನ್ಸರ್ ಕೂಲೆಂಟಿನಲ್ಲಿ ಮುಳುಗಿರುವಾಗ ಮಾತ್ರ ಸರಿಯಾಗಿ ಅಳೆಯುತ್ತದೆ. ದ್ರವವೇ ಖಾಲಿಯಾದಾಗ ಅದರ ಸುತ್ತ ಉಳಿಯುವುದು ಗಾಳಿ ಮತ್ತು ಹಬೆ, ಆದ್ದರಿಂದ ಒಳಗೆ ಲೋಹ ಕುದಿಯುತ್ತಿದ್ದರೂ ಮುಳ್ಳು ನಡುವಿನಲ್ಲೇ ನಿಂತಿರಬಹುದು, ಕೆಲವೊಮ್ಮೆ ಕೆಳಗೂ ಇಳಿಯಬಹುದು. ಮುಳ್ಳು ಇದ್ದಕ್ಕಿದ್ದಂತೆ ಇಳಿಯುವುದು, ಎ.ಸಿ.ಯಿಂದ ಬಿಸಿ ಗಾಳಿ ಬರುವುದು, ಆಕ್ಸಿಲರೇಟರ್ ತುಳಿದರೂ ಎಳೆತ ಬಾರದಿರುವುದು, ಇವುಗಳಲ್ಲಿ ಯಾವುದು ಕಂಡರೂ ಗಾಡಿಯನ್ನು ಆ ಗಳಿಗೆಯಲ್ಲೇ ಬದಿಗೆ ಹಾಕಿ ಆಫ್ ಮಾಡಬೇಕು.

ಇಂಥ ಶಾಖದಲ್ಲಿ ಮೊದಲು ಹಾಳಾಗುವುದು ಸಿಲಿಂಡರ್ ಹೆಡ್, ಅಂದರೆ ಇಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಭಾಗ. ನಮ್ಮ ಕಾರಿನಲ್ಲಿ ಸಿಲಿಂಡರುಗಳಿರುವ ಕೆಳಗಿನ ಬ್ಲಾಕ್ ಎರಕದ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಮ್ಮಿನದು. ಅದೇ ಶಾಖಕ್ಕೆ ಅಲ್ಯೂಮಿನಿಯಮ್ ಎರಕದ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿಯಾಗಿ ಹಿಡಿದಿರುವುದರಿಂದ ಹಿಗ್ಗಲು ಜಾಗ ಸಿಗದೆ ಹೆಡ್ ಬಾಗುತ್ತದೆ, ಎರಡರ ನಡುವೆ ಸೋರಿಕೆ ತಡೆಯುವ ತೆಳು ಹಾಳೆಯಾದ ಗ್ಯಾಸ್ಕೆಟ್ ಸುಟ್ಟುಹೋಗುತ್ತದೆ, ನೀರಿನ ದಾರಿಯೂ ಆಯಿಲಿನ ದಾರಿಯೂ ಒಂದಾಗುತ್ತವೆ. ಗಾಡಿಯನ್ನು ಟೋ ಮಾಡಿಸಿ ತಂದ ಮೇಲೆ ಮಿಸ್ತ್ರಿ ಡಿಪ್‌ಸ್ಟಿಕ್ ಎಳೆದು ತೋರಿಸಿದಾಗ ಅದರ ತುದಿಯ ಆಯಿಲ್ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಆಯಿಲಿನಲ್ಲಿ ನೀರು ಬೆರೆತರೆ ಬೇರಿಂಗುಗಳ ಮೇಲಿನ ಜಿಡ್ಡಿನ ಪದರು ನಿಲ್ಲುವುದಿಲ್ಲ. ಹೆಡ್ಡಿಗೆ ಬಂದ ಪೆಟ್ಟು ಇಂಜಿನ್ನಿನ ತಳದಲ್ಲಿ ತಿರುಗುವ ದಂಡವಾದ ಕ್ರ್ಯಾಂಕಿನವರೆಗೂ ಮುಟ್ಟುವುದು ಹೀಗೆ.

ಮುಂದೆ ಏನು ಎಂಬ ಮಾತು ಬಂದಾಗ ನಮ್ಮ ಮುಂದೆ ಬಂದ ದಾರಿಗಳು ಹಲವು. ಕಂಪನಿಯ ಸರ್ವಿಸ್ ಸೆಂಟರಿನವರು ಹೊಸ ಇಂಜಿನ್ನಿಗೆ ಎರಡೂವರೆ ಲಕ್ಷದ ಮೇಲೆ ಹೇಳಿದರು, ಹೀಗಾಗಿ ಆ ಮಾತು ಅಲ್ಲಿಗೇ ನಿಂತಿತು. ಗುಜರಿಯವರು ನಿಂತ ಗಾಡಿಗೆ 55 ಸಾವಿರ ಕೊಡಲು ಸಿದ್ಧರಿದ್ದರು. ಸೆಕೆಂಡ್ ಹ್ಯಾಂಡ್ ಇಂಜಿನ್ ತರಿಸಿ ಕೂರಿಸಲು 75 ಸಾವಿರದವರೆಗೆ ಆಗುತ್ತದೆ ಎಂದು ಒಬ್ಬರು ಹೇಳಿದರೆ, ಇರುವ ಇಂಜಿನ್ನನ್ನೇ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಿಸುವುದು ಲೇಸು ಎಂದು ಇನ್ನೊಬ್ಬರು ಹೇಳಿದರು. ಯಾವುದಕ್ಕೂ ಹೂಂ ಅನ್ನುವ ಮೊದಲು ನಮ್ಮ ಮಿಸ್ತ್ರಿ ಆಡಿದ ಮಾತೇ ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರಿತು: “ಸರ, ಹೆಡ್ ಬಿಚ್ಚದ ನಾ ಏನೂ ಹೇಳಂಗಿಲ್ರಿ. ಬಿಚ್ಚಿ ನೋಡಿದ ಮ್ಯಾಲ ನೀವು ಬ್ಯಾಡ ಅಂದ್ರ, ಬಿಚ್ಚಿದ ಕೂಲಿ ಅಷ್ಟ ಕೊಡ್ರಿ.” ಬಿಚ್ಚುವ ಮೊದಲೇ ಖರ್ಚಿನ ಒಟ್ಟು ಮೊತ್ತ ಹೇಳುವವರ ಬಳಿ ಇಂಜಿನ್ ಕೆಲಸ ಮಾಡಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಬಿಚ್ಚಿದ ಕೂಲಿ ಕೊಟ್ಟು ಗಾಡಿಯನ್ನು ಗುಜರಿಗೆ ಹಾಕಬೇಕಾಗಿ ಬಂದರೂ ಆ ಹಣ ವ್ಯರ್ಥವಲ್ಲ, ಏಕೆಂದರೆ ಅದರಿಂದ ನಮಗೆ ಸಿಗುವುದು ಊಹೆಯ ಬದಲು ಅಳತೆ.

ಬೆಳಗಾವಿಯವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಉದ್ಯಮಬಾಗದಲ್ಲಿ ಫೌಂಡ್ರಿಗಳ ಜೊತೆಗೆ ನಿಖರವಾಗಿ ಲೋಹ ಕೊರೆಯುವ, ಉಜ್ಜುವ, ಅಳೆಯುವ ಮಷಿನ್ ಶಾಪುಗಳು ದಶಕಗಳಿಂದ ಇವೆ. ಈ ಊರಿನಲ್ಲಿ ಮೈಕ್ರೋಮೀಟರ್ ಹಿಡಿಯಬಲ್ಲ ಕೈಗಳಿಗೆ ಬರವಿಲ್ಲ. ಹೆಡ್ಡನ್ನು ತೊಳೆದು ಅದರ ಮುಖದ ಮೇಲೆ ಉಕ್ಕಿನ ನೇರ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಇಟ್ಟು, ಅಡಿಯಲ್ಲಿ ಫೀಲರ್ ಗೇಜಿನ ತೆಳು ಎಲೆಗಳನ್ನು ಒಂದೊಂದಾಗಿ ತೂರಿಸಿ ನೋಡುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಕಾರಿನ ಹೆಡ್ಡುಗಳಿಗೆ ಸಾಮಾನ್ಯವಾಗಿ 0.05ರಿಂದ 0.1 ಮಿಲಿಮೀಟರಿನಷ್ಟು ಬಾಗು ಮಾತ್ರ ನಡೆಯುತ್ತದೆ. ನಮ್ಮ ಹೆಡ್ಡಿನ ನಡುವೆ 0.12ರ ಎಲೆ ಸಲೀಸಾಗಿ ಒಳಗೆ ಹೋಯಿತು. ಆ ಅಂತರ ಕಣ್ಣಿಗೆ ಕಾಣಿಸುವಂಥದ್ದೇ ಅಲ್ಲ, ಆದರೂ ಡೀಸೆಲ್ ಇಂಜಿನ್ನಿನ ಒತ್ತಡವನ್ನು ಹೊರಗೆ ಬಿಡಲು ಅಷ್ಟೇ ಸಾಕು.

ಆದರೆ ಹೆಡ್ಡಿನ ಮುಖ ಉಜ್ಜಿ ಸಪಾಟು ಮಾಡಿದರೆ ಕೆಲಸ ಮುಗಿಯಿತು ಎಂದು ತಿಳಿಯಬಾರದು. ಹೆಡ್ ಬಾಗಿದರೆ ಅದರ ಮೇಲೆ ಕೂತು ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟಿನ ಗೂಡುಗಳೂ ಸಾಲು ತಪ್ಪುತ್ತವೆ. ಆದ್ದರಿಂದ ಕ್ಯಾಮ್ ಶಾಫ್ಟನ್ನು ಅದರ ಗೂಡುಗಳಲ್ಲಿ ಕೂರಿಸಿ ಕೈಯಿಂದ ತಿರುಗಿಸಿ ನೋಡಬೇಕು, ಎಲ್ಲಿಯಾದರೂ ಹಿಡಿದುಕೊಂಡರೆ ಆ ಹೆಡ್ಡಿನ ಆಸೆ ಬಿಡಬೇಕಾಗುತ್ತದೆ. ನಮ್ಮದು ತಡೆಯಿಲ್ಲದೆ ತಿರುಗಿತು. ಬಿರುಕು ಇದೆಯೇ ಎಂದು ನೋಡಲು ನೀರಿನ ದಾರಿಗಳನ್ನೆಲ್ಲ ಮುಚ್ಚಿ, ಹೆಡ್ಡನ್ನು ಬಿಸಿ ನೀರಿನಲ್ಲಿ ಮುಳುಗಿಸಿ, ಒಳಗೆ ಗಾಳಿಯ ಒತ್ತಡ ಕೊಟ್ಟರು. ಗುಳ್ಳೆ ಏಳಲಿಲ್ಲ. ಹಾಗಾಗಿ ಅಗತ್ಯವಿದ್ದಷ್ಟನ್ನು ಮಾತ್ರ ಉಜ್ಜಿಸಿ, ವಾಲ್ವುಗಳು ಕೂರುವ ಆಳವನ್ನು ಮತ್ತೆ ಅಳೆದು, ಅದಕ್ಕೆ ಒಪ್ಪುವ ದಪ್ಪದ ಗ್ಯಾಸ್ಕೆಟ್ ತರಿಸುವುದೆಂದು ಆಯಿತು. ಡೀಸೆಲ್ ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ಟುಗಳು ಬೇರೆ ಬೇರೆ ದಪ್ಪದಲ್ಲಿ ಬರುತ್ತವೆ, ಅಂಚಿನಲ್ಲಿರುವ ತೂತು ಅಥವಾ ಕಚ್ಚುಗಳಿಂದ ಅವುಗಳನ್ನು ಗುರುತಿಸುತ್ತಾರೆ, ಪಿಸ್ಟನ್ ಬ್ಲಾಕಿನ ಮುಖಕ್ಕಿಂತ ಎಷ್ಟು ಮೇಲೆ ಬರುತ್ತದೆ ಎಂಬುದನ್ನು ನೋಡಿ ಆರಿಸುತ್ತಾರೆ. ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿದರೆ ಒಂದೋ ಕಂಪ್ರೆಷನ್ ಕಡಿಮೆಯಾಗುತ್ತದೆ, ಇಲ್ಲವೇ ವಾಲ್ವಿಗೆ ಪಿಸ್ಟನ್ ಬಡಿಯುವ ಅಪಾಯವಿರುತ್ತದೆ.

ಬ್ಲಾಕಿನ ಸ್ಥಿತಿ ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಸಿಲಿಂಡರುಗಳ ಒಳಗೋಡೆಯಲ್ಲಿ ಹೋನಿಂಗಿನ, ಅಂದರೆ ತಯಾರಿಸುವಾಗ ಉಜ್ಜಿ ಮೂಡಿಸಿದ, ಅಡ್ಡಗೆರೆಗಳು ಇನ್ನೂ ಕಾಣುತ್ತಿದ್ದವು. ಬೋರನ್ನು, ಅಂದರೆ ಸಿಲಿಂಡರಿನ ಒಳ ಅಗಲವನ್ನು, ಮೇಲೆ, ನಡುವೆ, ಕೆಳಗೆ, ಪ್ರತಿ ಜಾಗದಲ್ಲೂ ಎರಡು ದಿಕ್ಕಿನಲ್ಲಿ ಅಳೆದಾಗ ಸವೆತ ಮಿತಿಯ ಒಳಗೇ ಇತ್ತು. ಸಿಲಿಂಡರನ್ನು ಅಗಲವಾಗಿ ಕೊರೆಯುವ ರೀಬೋರ್ ಬೇಕಾಗಲಿಲ್ಲ, ಹಗುರವಾಗಿ ಹೋನ್ ಮಾಡಿ ಪಿಸ್ಟನ್ನುಗಳಿಗೆ ಹೊಸ ರಿಂಗ್ ಹಾಕಿದರೆ ಸಾಕೆಂದು ತಿಳಿಯಿತು. ಹಳೆಯ ರಿಂಗುಗಳು ನೋಡಲು ಚೆನ್ನಾಗಿದ್ದರೂ ಮತ್ತೆ ಹಾಕುವಂತಿರಲಿಲ್ಲ, ಏಕೆಂದರೆ ವಿಪರೀತ ಶಾಖ ಕಂಡ ರಿಂಗು ತನ್ನ ಬಿಗಿ ಕಳೆದುಕೊಂಡಿರುತ್ತದೆ.

ಪೆಟ್ಟು ಬಿದ್ದದ್ದು ಕೆಳಗೆ. ಮೂರನೆಯ ಸಿಲಿಂಡರಿನಲ್ಲಿ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಿಚ್ಚಿದಾಗ ಬೇರಿಂಗಿನ ಬೂದುಬಣ್ಣದ ಮೇಲ್ಪದರು ಒಂದು ಕಡೆ ಸವೆದು ಕೆಂಪು ಲೋಹ ಇಣುಕುತ್ತಿತ್ತು. “ತಾಮ್ರ ಕಾಣಾಕತ್ತೈತಿ ನೋಡ್ರಿ ಸರ,” ಎಂದು ಮಿಸ್ತ್ರಿ ಅದನ್ನು ನನ್ನ ಅಂಗೈಯಲ್ಲಿ ಇಟ್ಟರು. ನಂತರ ಆ ಬೇರಿಂಗ್ ಕೂರುವ ಕ್ರ್ಯಾಂಕಿನ ಕುತ್ತಿಗೆಯ ಮೇಲೆ ಹೆಬ್ಬೆರಳಿನ ಉಗುರನ್ನು ಅಡ್ಡಲಾಗಿ ಎಳೆದು ನೋಡಲು ಹೇಳಿದರು. ಉಗುರು ಎರಡು ಕಡೆ ಸಿಕ್ಕಿಕೊಂಡಿತು. ಉಗುರಿಗೆ ಸಿಗದ ಗೀರನ್ನು ಪಾಲಿಶ್ ಮಾಡಿ ತೆಗೆಯಬಹುದು, ಸಿಗುವ ಗೀರಿಗೆ ಗ್ರೈಂಡಿಂಗ್ ಮಾಡಿಸಲೇಬೇಕು. ನಾಲ್ಕೂ ಕುತ್ತಿಗೆಗಳನ್ನು 0.25 ಮಿಲಿಮೀಟರ್ ಇಳಿಸಿ, ಅದಕ್ಕೆ ತಕ್ಕಂತೆ ದಪ್ಪ ಹೆಚ್ಚಿರುವ, ಗ್ಯಾರೇಜಿನವರು ಹತ್ತರ ಸೈಜ್ ಎನ್ನುವ ಬೇರಿಂಗ್ ಹಾಕುವುದೆಂದು ನಿರ್ಧಾರವಾಯಿತು. ಮುಂದೊಮ್ಮೆ ಬೇಕಾದರೆ ಇಪ್ಪತ್ತರ ಸೈಜಿಗೂ ಅವಕಾಶ ಉಳಿಯುತ್ತದೆ. ಆದರೆ ಎಲ್ಲ ಕ್ರ್ಯಾಂಕುಗಳನ್ನೂ ಹೀಗೆ ಇಳಿಸಲಾಗುವುದಿಲ್ಲ. ಕೆಲವು ಮಾದರಿಗಳಲ್ಲಿ ಮೇಲ್ಮೈಯನ್ನು ಗಡುಸುಗೊಳಿಸಿರುವುದರಿಂದ ತಯಾರಕರು ಗ್ರೈಂಡಿಂಗಿಗೆ ಅನುಮತಿಯನ್ನೇ ಕೊಡುವುದಿಲ್ಲ, ಅಲ್ಲಿ ಹೊಸ ಕ್ರ್ಯಾಂಕ್ ಕೊಳ್ಳಬೇಕಾಗುತ್ತದೆ ಮತ್ತು ಖರ್ಚಿನ ಲೆಕ್ಕ ತಲೆಕೆಳಗಾಗುತ್ತದೆ. ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಇಷ್ಟು ಅಳತೆ ಕೈಗೆ ಬಂದ ಮೇಲೆ ಸೆಕೆಂಡ್ ಹ್ಯಾಂಡ್ ಇಂಜಿನ್ನಿನ ಮಾತು ನನ್ನ ಮಟ್ಟಿಗೆ ಬಹಳ ಸಪ್ಪೆಯಾಯಿತು. ಅದು ಅಗ್ಗ, ನಿಜ. ಆದರೆ ಮುಂಬೈನ ಕುರ್ಲಾದಂಥ ಹಳೆಯ ಬಿಡಿಭಾಗಗಳ ಪೇಟೆಯಿಂದ ಲಾರಿಯಲ್ಲಿ ಬರುವ ಇಂಜಿನ್ ಎಷ್ಟು ಓಡಿದೆ, ಯಾವ ಕಾರಣಕ್ಕೆ ಗಾಡಿಯಿಂದ ಇಳಿದಿದೆ ಎಂಬುದನ್ನು ಮಾರುವವರ ಮಾತಿನ ಮೇಲೆಯೇ ನಂಬಬೇಕು. ನಮ್ಮ ಭಾಗದವರು ಇನ್ನೊಂದು ಸಂಗತಿಯನ್ನೂ ಮರೆಯಬಾರದು: 2019ರ ಆಗಸ್ಟಿನಲ್ಲಿ ಮತ್ತು 2021ರ ಜುಲೈನಲ್ಲಿ ಕೃಷ್ಣೆ ಮತ್ತು ಪಂಚಗಂಗೆಯ ನೆರೆ ಕೊಲ್ಲಾಪುರ, ಸಾಂಗ್ಲಿ ಸೀಮೆಯನ್ನು ಮುಳುಗಿಸಿತ್ತು. ನೆರೆಯ ನೀರಿನಲ್ಲಿ ನಿಂತ ಕಾರಿನ ಇಂಜಿನ್ ಹೊರಗಿನಿಂದ ತೊಳೆದರೆ ಹೊಸದರಂತೆ ಕಾಣುತ್ತದೆ. ಆದರೆ ಸಿಲಿಂಡರಿನಲ್ಲಿ ನೀರು ಇರುವಾಗ ಯಾರಾದರೂ ಸೆಲ್ಫ್ ಹೊಡೆದಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರಬಹುದು, ಆಯಿಲಿನ ದಾರಿಯಲ್ಲಿ ನುಣ್ಣನೆಯ ಕೆಸರು ಕೂತಿರಬಹುದು. ಅದನ್ನು ಖಚಿತ ಮಾಡಿಕೊಳ್ಳಲು ಆ ಇಂಜಿನ್ನನ್ನೂ ಪೂರ್ತಿ ಬಿಚ್ಚಬೇಕು. ಬಿಚ್ಚಿಯೇ ನೋಡಬೇಕಾದರೆ ಹನ್ನೊಂದು ವರ್ಷಗಳ ಸರ್ವಿಸ್ ಚರಿತ್ರೆ ಗೊತ್ತಿರುವ ನಮ್ಮ ಇಂಜಿನ್ ಇರುವಾಗ ಗೊತ್ತಿಲ್ಲದ ಇನ್ನೊಂದನ್ನು ಏಕೆ ಬಿಚ್ಚಬೇಕು? ಅದರ ಮೇಲೆ ಹೊಂದಾಣಿಕೆಯ ತೊಡಕೂ ಇದೆ. ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್ 4 ಮಾನದಂಡ ದೇಶಕ್ಕೆಲ್ಲ ಕಡ್ಡಾಯವಾದದ್ದು 2017ರ ಏಪ್ರಿಲ್ 1ರಿಂದ, ಅದಕ್ಕಿಂತ ಹಿಂದಿನ ಕಾರುಗಳಲ್ಲಿ ಬಿಎಸ್ 3 ಮತ್ತು ಬಿಎಸ್ 4 ಎರಡೂ ಇವೆ. ಹೆಸರು ಒಂದೇ ಇದ್ದರೂ ಇಂಜೆಕ್ಟರ್, ಸೆನ್ಸರ್, ಇಂಜಿನ್ ನಿಯಂತ್ರಿಸುವ ಇಸಿಯು ಬೇರೆಯಾಗಿರಬಹುದು.

ಕಾಗದಪತ್ರದ ವಿಷಯ ಇದಕ್ಕಿಂತ ಗಂಭೀರವಾದದ್ದು. ಇಂಜಿನ್ ನಂಬರ್ ಕೆತ್ತಿರುವುದು ಬ್ಲಾಕಿನ ಮೇಲೆ, ಅದೇ ನಂಬರ್ ಆರ್.ಸಿ.ಯಲ್ಲೂ ಇರುತ್ತದೆ. ಬ್ಲಾಕ್ ಬದಲಾದರೆ ನಂಬರೂ ಬದಲಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಇಂಥ ಬದಲಾವಣೆಯನ್ನು 14 ದಿನಗಳೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ನಮೂದು ಮಾಡಿಸಬೇಕು, ಅನುಮತಿಯನ್ನು ಮೊದಲೇ ಪಡೆದುಕೊಳ್ಳುವುದು ಕ್ಷೇಮ. ಹೊರಗಿನಿಂದ ತಂದ ಸೆಕೆಂಡ್ ಹ್ಯಾಂಡ್ ಇಂಜಿನ್ ಯಾವ ಗಾಡಿಯದು, ಅದರ ಬಿಲ್ ಎಲ್ಲಿ ಎಂಬ ಪ್ರಶ್ನೆಗಳಿಗೆ ದಾಖಲೆ ಇರಬೇಕು. ಕಳುವಾದ ಗಾಡಿಯ ಇಂಜಿನ್ ನಮ್ಮ ಬಾನೆಟ್ಟಿನಡಿ ಬಂದು ಕೂತರೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವವರು ನಾವೇ. ನಮೂದು ಮಾಡಿಸದೆ ಓಡಿಸುವವರಿದ್ದಾರೆ, ಆದರೆ ಅಪಘಾತವಾದಾಗ ವಿಮೆಯವರು ನಂಬರ್ ತಾಳೆ ನೋಡುತ್ತಾರೆ. ಮುಂದೆ ಗಾಡಿ ಮಾರುವಾಗಲೂ ಅಲ್ಲಿಯೇ ತಡೆ ಬೀಳುತ್ತದೆ. ನಮ್ಮ ಬ್ಲಾಕನ್ನೇ ಉಳಿಸಿಕೊಂಡದ್ದರಿಂದ ಈ ಯಾವ ತಾಪತ್ರಯವೂ ನಮಗೆ ಬರಲಿಲ್ಲ. ವಿಮೆಯಿಂದ ಮಾತ್ರ ಏನೂ ಸಿಗಲಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಸವೆತ ಮತ್ತು ಯಾಂತ್ರಿಕ ವೈಫಲ್ಯಕ್ಕೆ ಪರಿಹಾರವಿಲ್ಲ.

ಇನ್ನು ಹಣದ ಲೆಕ್ಕಕ್ಕೆ ಬರುತ್ತೇನೆ. ಮಷಿನ್ ಶಾಪಿನ ಕೆಲಸ, ಬಿಡಿಭಾಗಗಳು, ಕೂಲಿ, ಹೊಸ ರೇಡಿಯೇಟರ್, ಆಯಿಲ್ ಎಲ್ಲ ಸೇರಿ ನಮಗೆ ಆದದ್ದು 1.2 ಲಕ್ಷ ರೂಪಾಯಿ. ಕಾಕಾ ಹೇಳಿದ ಲೆಕ್ಕದ ದಾರಿಯಲ್ಲೇ ಹೋದರೂ, ನಿಂತ ಗಾಡಿಗೆ 55 ಸಾವಿರ, ಓಡುವ ಗಾಡಿಗೆ ಎರಡು ಲಕ್ಷ. ಅಂದರೆ ಈ ಖರ್ಚು ಗಾಡಿಯ ಬೆಲೆಗೆ 1.45 ಲಕ್ಷ ಕೂಡಿಸುತ್ತದೆ. ಆದ್ದರಿಂದ ಖರ್ಚನ್ನು ಎರಡು ಲಕ್ಷದ ಜೊತೆ ಹೋಲಿಸುವುದೇ ಸರಿಯಲ್ಲ. ಹೊಸ ಕಾರು ಕೊಳ್ಳುವುದಾದರೆ ಆರು ಲಕ್ಷ ಸಾಲ ಮಾಡಬೇಕಿತ್ತು. ಶೇಕಡಾ 9ರ ಬಡ್ಡಿಗೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು ಹನ್ನೆರಡೂವರೆ ಸಾವಿರ ಆಗುತ್ತದೆ, ಬಡ್ಡಿಯೊಂದೇ 1.47 ಲಕ್ಷದಷ್ಟಾಗುತ್ತದೆ. ಹೊಸ ಕಾರಿನ ಸಾಲಕ್ಕೆ ಕಟ್ಟುವ ಬಡ್ಡಿಗಿಂತಲೂ ಕಡಿಮೆ ಹಣದಲ್ಲಿ ಹಳೆಯ ಕಾರಿನ ಇಂಜಿನ್ ಹೊಸತಾಗುತ್ತದೆ ಎಂಬುದು ಕಾಗದದ ಮೇಲೆ ಬರೆದು ನೋಡುವವರೆಗೆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅದೇ 1.2 ಲಕ್ಷಕ್ಕೆ ಗುಜರಿಯ 55 ಸಾವಿರ ಸೇರಿಸಿ ಬೇರೆ ಸೆಕೆಂಡ್ ಹ್ಯಾಂಡ್ ಕಾರು ಕೊಂಡರೆ, ಬಹುಮಟ್ಟಿಗೆ ಇದೇ ವಯಸ್ಸಿನ, ಒಳಗೆ ಏನಿದೆಯೆಂದು ತಿಳಿಯದ ಇನ್ನೊಂದು ಇಂಜಿನ್ ಮನೆಗೆ ಬರುತ್ತಿತ್ತು.

ಆದರೂ ಈ ಲೆಕ್ಕ ಎಲ್ಲ ಕಾರಿಗೂ ಒಪ್ಪುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಇಂಜಿನ್ನಿಗಾಗಿ ಹಣ ಹಾಕುವ ಮೊದಲು ನಾವು ಕಾರನ್ನು ಲಿಫ್ಟಿಗೆ ಏರಿಸಿ ತಳವನ್ನು ನೋಡಿದೆವು. ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಬಿಗಿಯುವ ಜಾಗ, ಫ್ಲೋರ್ ಇವುಗಳಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಒಳಗಿಳಿಯುವಷ್ಟು ತುಕ್ಕು ಇದ್ದರೆ ಆ ಗಾಡಿಗೆ ಎಂಥ ಇಂಜಿನ್ ಹಾಕಿದರೂ ನಿಷ್ಪ್ರಯೋಜಕ. ಬೆಳಗಾವಿಯ ಮಳೆಯಲ್ಲಿ ನಿಲ್ಲುವ, ಚೋರ್ಲಾ ಘಾಟ್ ಇಳಿದು ಗೋವಾದ ಉಪ್ಪುಗಾಳಿಗೆ ಪದೇ ಪದೇ ಹೋಗುವ ಕಾರುಗಳಲ್ಲಿ ಇದು ಅಪರೂಪವೇನಲ್ಲ. ನಮ್ಮದು ಹೆಚ್ಚಾಗಿ ಸವದತ್ತಿಯ ಒಣ ಸೀಮೆಯಲ್ಲಿ ಓಡಾಡಿದ್ದರಿಂದ ತಳ ಗಟ್ಟಿಯಾಗಿತ್ತು. ಸುರಕ್ಷತೆಯನ್ನೂ ನೋಡಬೇಕು. ಚಾಲಕನ ಏರ್‌ಬ್ಯಾಗ್ ದೇಶದಲ್ಲಿ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಅದಕ್ಕೂ ಹಿಂದಿನ ಅನೇಕ ಕಾರುಗಳಲ್ಲಿ ಏರ್‌ಬ್ಯಾಗೂ ಇಲ್ಲ, ಬ್ರೇಕ್ ಹಾಕಿದಾಗ ಚಕ್ರ ಪೂರ್ತಿ ಹಿಡಿದುಕೊಳ್ಳದಂತೆ ತಡೆಯುವ ಎಬಿಎಸ್ಸೂ ಇಲ್ಲ. ನಮ್ಮ ಕಾರಿನಲ್ಲಿ ಎರಡೂ ಇವೆ. ಇಲ್ಲದೇ ಹೋಗಿದ್ದರೆ, ವಯಸ್ಸಾದ ತಾಯಿತಂದೆಯರನ್ನು ಹೆದ್ದಾರಿಯಲ್ಲಿ ಕರೆತರುವ ಗಾಡಿಗೆ ಲಕ್ಷದ ಮೇಲೆ ಹಣ ಹಾಕಲು ನಾನು ಒಪ್ಪುತ್ತಿರಲಿಲ್ಲ, ಲೆಕ್ಕ ಎಷ್ಟೇ ಲಾಭ ತೋರಿಸಿದ್ದರೂ ಸರಿ.

ಕೆಲಸ ಮಾಡಿಸುವಾಗ ಎರಡು ವಿಷಯಗಳಲ್ಲಿ ನಾನು ಹಟ ಹಿಡಿದೆ. ಮೊದಲನೆಯದು, ಇಂಜಿನ್ ಕೆಡಲು ಕಾರಣವಾದ ಭಾಗಗಳೆಲ್ಲ ಅದರ ಜೊತೆಗೇ ಬದಲಾಗಬೇಕು. ಹೋಸ್ ಪೈಪುಗಳು, ವಾಟರ್ ಪಂಪ್, ಥರ್ಮೋಸ್ಟಾಟ್, ರೇಡಿಯೇಟರಿನ ಮುಚ್ಚಳ ಎಲ್ಲವನ್ನೂ ಹೊಸದಾಗಿ ಹಾಕಿಸಿದೆವು, ಫ್ಯಾನ್ ಸರಿಯಾದ ಬಿಸಿಗೆ ತಿರುಗುತ್ತದೆಯೇ ಎಂದು ನಿಂತು ನೋಡಿದೆವು. ಒಂದು ಲಕ್ಷದ ಕೆಲಸ ಮಾಡಿಸಿ ಹಳೆಯ ಪೈಪನ್ನೇ ಉಳಿಸಿಕೊಂಡವರ ಗಾಡಿ ಮತ್ತೆ ಅದೇ ಗ್ಯಾರೇಜಿಗೆ ಬರುತ್ತದೆ. ಎರಡನೆಯದು, ಹೆಡ್ ಬೋಲ್ಟುಗಳು. ಇಂದಿನ ಅನೇಕ ಇಂಜಿನ್ನುಗಳಲ್ಲಿ ಈ ಬೋಲ್ಟುಗಳು ಬಿಗಿಯುವಾಗ ತುಸು ಹಿಗ್ಗುವಂತೆ ತಯಾರಾಗಿರುತ್ತವೆ. ಟಾರ್ಕ್ ರೆಂಚಿನಿಂದ ಹೇಳಿದಷ್ಟು ಬಿಗಿದು, ಆಮೇಲೆ ಹೇಳಿದಷ್ಟು ಡಿಗ್ರಿ ತಿರುಗಿಸಬೇಕು. ಒಮ್ಮೆ ಹಿಗ್ಗಿದ ಬೋಲ್ಟ್ ಮತ್ತೆ ಅದೇ ಬಿಗಿ ಕೊಡುವುದಿಲ್ಲ. “ಹಳೇವೂ ಚಲೋ ಅದಾವ್ರಿ ಸರ,” ಎಂದು ಗ್ಯಾರೇಜಿನ ಹುಡುಗ ಹೇಳಿದ. ಮಿಸ್ತ್ರಿ ಅವನನ್ನು ತಡೆದು ಹೊಸ ಸೆಟ್ಟನ್ನೇ ತರಿಸಿದರು. ಅಳತೆಗಳನ್ನೆಲ್ಲ ಬಿಲ್ಲಿನ ಹಿಂಭಾಗದಲ್ಲಿ ಬರೆಸಿಕೊಂಡು ಬಿಚ್ಚಿದ ಹಳೆಯ ಭಾಗಗಳನ್ನು ಮನೆಗೆ ತಂದಿದ್ದೇವೆ.

ಈಗ ಕಾರು ಮತ್ತೆ ಓಡುತ್ತಿದೆ. ಮೊದಲ ಸಾವಿರ ಕಿಲೋಮೀಟರಿನವರೆಗೆ ತುಂಬಾ ಭಾರ ಹಾಕಬಾರದು, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಬಾರದು, ಸುಮ್ಮನೆ ನಿಂತಲ್ಲಿ ಇಂಜಿನ್ ಚಾಲೂ ಇಡಬಾರದು. ರಿಂಗುಗಳು ಬೋರಿನೊಂದಿಗೆ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು. ಆ ಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸುವಾಗ ಹಳೆಯ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಹಾಕಿ ಲೋಹದ ಹೊಳಪು ಇದೆಯೇ ಎಂದು ನೋಡಬೇಕೆಂದು ಮಿಸ್ತ್ರಿ ಹೇಳಿದ್ದಾರೆ. ನಮ್ಮ ಕಾರಿನ ನೋಂದಣಿಯ 15 ವರ್ಷಗಳು 2029ಕ್ಕೆ ಮುಗಿಯುತ್ತವೆ. ಆಗ ಫಿಟ್‌ನೆಸ್ ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿದೆ, ಮೇಲೆ ಹಸಿರು ತೆರಿಗೆಯೂ ಇದೆ. ಅಂದು ಮತ್ತೊಮ್ಮೆ ಲಿಫ್ಟಿಗೆ ಏರಿಸಿ ತಳದ ತುಕ್ಕು ಎಷ್ಟಿದೆ ಎಂದು ನೋಡಿ ಮುಂದಿನದನ್ನು ನಿರ್ಧರಿಸುವುದೆಂದು ಮನೆಯಲ್ಲಿ ಮಾತಾಗಿದೆ. ಕಾಕಾ ಕೂಡ ಈ ಮಾತಿಗೆ ಒಪ್ಪಿದ್ದಾರೆ, ಮುಂದಿನ ವಾರ ಅವರನ್ನು ಇದೇ ಕಾರಿನಲ್ಲಿ ಬೆಳಗಾವಿಗೆ ಕಣ್ಣಿನ ತಪಾಸಣೆಗೆ ಕರೆತರುವುದಿದೆ.